ಬೀರಮ್ಮನ ಕರಿ ಉಣ್ಣೆ

ಹಾಲಿನ ಕ್ಯಾನುಗಳ ಮುಚ್ಚಳಕ್ಕೆ ಆ ಚೀಟಿಗಳನ್ನು ಅಂಟಿಸಿದ್ದು ಯಾರು? ವರ್ಷಗಟ್ಟಲೆ ನಾನು ‘ಹಾಲಿನ ಲಾರಿಯವರು’ ಎಂದೇ ಹೇಳುತ್ತ ಬಂದೆ. ಹೇಳಿ ಹೇಳಿ ಅದೇ ನೆನಪಾಯಿತೋ, ನಿಜಕ್ಕೂ ಹಾಗೇ ನಡೆದಿತ್ತೋ, ಖಾತ್ರಿಯಿಲ್ಲ. ಬೀರಮ್ಮ ಮಾತ್ರ ಸ್ಪಷ್ಟವಾಗಿ ನೆನಪಿದ್ದಾರೆ: ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಸಿಕ್ಕಿಸಿದ ಮೊಬೈಲು, ಬೆರಳಿಗೆ ಸುತ್ತಿದ ಕರಿ ಉಣ್ಣೆಯ ನೂಲು.

ತೆಲಂಗಾಣ ರಾಜ್ಯವಾಗಿ ಹೆಚ್ಚು ದಿನವಾಗಿರಲಿಲ್ಲ. ನಾರಾಯಣಪೇಟೆ ಇನ್ನೂ ಜಿಲ್ಲೆಯಾಗಿರಲಿಲ್ಲ. ಯೂನಿವರ್ಸಿಟಿ ಮುಗಿಸಿ ಬಂದ ನಾನು, ಸುತ್ತಲಿನ ಹಳ್ಳಿಗಳ ಹಾಲನ್ನು ಮಕ್ತಲ್ಲಿನ ಕೇಂದ್ರಕ್ಕೆ ಫೋನಿನಲ್ಲೇ ಜೋಡಿಸುವ ಕೆಲಸದಲ್ಲಿದ್ದೆ. ಕ್ಯಾನಿನ ಮೇಲಿನ ಕೋಡ್ ಚೀಟಿಗೆ ಫೋನು ಹಿಡಿದರೆ ಹಾಲು ಯಾವ ಊರಿನದೆಂದು ಹಳ್ಳಿಯಲ್ಲೂ ಕೇಂದ್ರದಲ್ಲೂ ಕಾಣುತ್ತಿತ್ತು. ಕುರಿಗಾರರ ಮನೆಯ, ತಮ್ಮೂರಿನ ಹಾಲು ಅಳೆಯುತ್ತಿದ್ದ ಬೀರಮ್ಮ ಅದನ್ನು ಎರಡೇ ದಿನದಲ್ಲಿ ಕಲಿತರು. ಆದರೂ ಕ್ಯಾನಿನ ಹಿಡಿಕೆಗೆ ನೂಲು ಕಟ್ಟುವುದನ್ನು ಬಿಡಲಿಲ್ಲ.

“ಚೀಟಿ ಐತಲ್ಲವ್ವಾ, ನೂಲ್ಯಾಕ?”

“ಇರ್ಲಿ ಬಿಡೋ ತಮ್ಮಾ. ಕುರಿ ಕೂಡಿದ್ರ ಬ್ಯಾರೆ ಮಾಡಾಕ ಗುರ್ತು ಬೇಕಲ್ಲ.”

ಒಂದು ಬೆಳಿಗ್ಗೆ ಕೇಂದ್ರದಿಂದ ಬೀರಮ್ಮನಿಗೆ ಫೋನು: ನಿಮ್ಮೂರ ಕ್ಯಾನಿನಲ್ಲಿ ನೀರು ಬೆರೆತಿದೆ, ನಾಳೆಯಿಂದ ನಿಮ್ಮ ಹಾಲು ಬೇಡ. ಬೀರಮ್ಮ ನನ್ನ ಬೈಕು ಹತ್ತಿ ಮಕ್ತಲ್ಲಿಗೆ ಬಂದರು.

ಮ್ಯಾನೇಜರ್ ತಮ್ಮ ಫೋನು ತೋರಿಸಿದರು. “ಇದು ಸುಳ್ಳು ಹೇಳ್ತದೇನಮ್ಮಾ?”

ಬೀರಮ್ಮ ನೀರು ಬೆರೆತ ಕ್ಯಾನಿನ ಬರಿಯ ಹಿಡಿಕೆ ಮುಟ್ಟಿ ನೋಡಿದರು. “ಅದ್ಯಾಕ ಸುಳ್ಳು ಹೇಳ್ತೈತ್ರಿ? ಪಾಪ, ಮುಚ್ಚಳ ನೋಡಿ ಹೇಳೈತಿ. ಮುಚ್ಚಳ ನಮ್ದ, ಕ್ಯಾನು ನಮ್ದಲ್ಲ.”

ವಾಸನೆ ನೋಡಲು ಕೇಂದ್ರದವರು ಎಲ್ಲ ಕ್ಯಾನುಗಳನ್ನೂ ಸಾಲಾಗಿ ತೆರೆದಿದ್ದರು. ಮತ್ತೆ ಮುಚ್ಚುವಾಗ ಮುಚ್ಚಳಗಳು ಅದಲುಬದಲಾಗಿದ್ದವು. ಬೀರಮ್ಮ ಸಾಲಿನುದ್ದಕ್ಕೂ ಹಿಡಿಕೆಗಳನ್ನು ಮುಟ್ಟುತ್ತ ನಡೆದು ಒಂದರ ಮುಂದೆ ನಿಂತರು. ಬೇರೆ ಊರಿನ ಮುಚ್ಚಳದ ಕೆಳಗೆ ಕರಿ ನೂಲು. ಅದರ ಹಾಲನ್ನು ಪರೀಕ್ಷಿಸಿದರು, ಹನಿ ನೀರಿರಲಿಲ್ಲ.

“ಹಂಗಾದ್ರ ನೀರಿನ ಹಾಲು ಯಾರ್ದು?” ಎಂದರು ಮ್ಯಾನೇಜರ್.

“ಅದನ್ನ ನನ್ನ ಕೇಳಬ್ಯಾಡ್ರಿ. ನಮ್ದು ನಮಗ ಸಿಕ್ತು.” ನನ್ನ ಕಡೆ ತಿರುಗಿ ನಕ್ಕರು: “ಗುರ್ತು ಕೊರಳಿಗೆ ಕಟ್ಟಬೇಕೋ ಶಾಣ್ಯಾ. ರುಮಾಲಿಗೆ ಕಟ್ಟಿದ್ರ, ರುಮಾಲು ಯಾರ ತಲಿಮ್ಯಾಗರ ಕುಂಡ್ರತೈತಿ.”

“ಲಾರಿಯವ್ರು ಅಂಟಿಸ್ಯಾರ,” ಅಂದೆ. ಅವರು ಹಿಡಿಕೆಯ ನೂಲಿಗೆ ಇನ್ನೊಂದು ಗಂಟು ಬಿಗಿದರು.

ಅಂದಿನಿಂದ ನಮ್ಮ ಜಾಲದ ಚೀಟಿ ಕ್ಯಾನಿನ ಕೊರಳಿಗೇ ಬಂತು. ಆಮೇಲೆ ಗದ್ವಾಲ ಕಡೆಯ ಹಳ್ಳಿಗಳಿಗೂ ಹಾಗೇ ಹೋಯಿತು. ಅಲ್ಲಿ ಯಾರಾದರೂ ಹೊಗಳಿದರೆ, ಇದು ನಮ್ಮ ಬೀರಮ್ಮನ ಲೆಕ್ಕ ಎನ್ನುತ್ತೇನೆ.

ಈಗ ಅವರಿಲ್ಲ. ಅವರ ಮನೆಗೆ ಹೋದಾಗ ಸೊಸೆ ಅತ್ತೆಯ ಹಳೆಯ ಮೊಬೈಲು ತೆಗೆದುಕೊಟ್ಟಳು. ಅದರಲ್ಲಿ ಬೀರಮ್ಮನೇ ತೆಗೆದ ಒಂದು ಫೋಟೊ ಇತ್ತು. ಹಿಗ್ಗಿಸಿ ನೋಡಿದೆ, ಮತ್ತೆ ನೋಡಿದೆ. ಮುಚ್ಚಳದ ಮೇಲೆ ಚೀಟಿ ಒತ್ತುತ್ತಿರುವ ಕೈಯಲ್ಲಿ ನನ್ನ ಗಡಿಯಾರವಿದೆ.