ಇಪ್ಪತ್ತೆರಡನೇ ಪ್ಲಾಟಿನ ಬೆರಕೆ ಸೊಪ್ಪು

ಮೇ 17, ಶನಿವಾರ, ಬೆಳಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷ. ಒಂದು ಕ್ಲಿಪ್‌ಬೋರ್ಡು, ಒಂದು ಪೆನ್ಸಿಲು, ಪೆನ್ಸಿಲಿನ ತುದಿಯಲ್ಲಿ ಗುಲಾಬಿ ಬಣ್ಣದ ರಬ್ಬರು ನನ್ನ ಕೈಗೆ ಬಂದ ಹೊತ್ತು ಅದು. ರಬ್ಬರಿನ ಮಾತು ಯಾಕೆ ಎಂದು ಮುಂದೆ ಹೇಳುತ್ತೇನೆ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಮೈಸೂರಿನಿಂದ ನ್ಯೂಜೆರ್ಸಿಗೆ ಬಂದವಳು. ಅಂದಿನಿಂದ ಕನ್ನಡದಲ್ಲೇ ಡೈರಿ ಬರೆಯುತ್ತೇನೆ. ಇಲ್ಲೇ ಓದು ಕಲಿತ ತಂಗಿಗೆ ಕನ್ನಡ ಅಕ್ಷರ ಬರುವುದಿಲ್ಲ ಎಂಬುದೇ ಅದಕ್ಕೆ ಮೊದಲ ಕಾರಣವಾಗಿತ್ತು. ತಾರೀಕು, ಹೊತ್ತು, ಎಣಿಕೆ ಇಲ್ಲದ ಪುಟ ನನ್ನ ಡೈರಿಯಲ್ಲಿಲ್ಲ. ಕಳೆದ ಬೇಸಿಗೆಯದೂ ಇದೆ: ಬೆಟ್ಟ ಹತ್ತಿದ್ದು ನಾಲ್ಕು ಸಲ, ಸಮುದ್ರಕ್ಕೆ ಹೋದದ್ದು ಎರಡು ಸಲ, ದೋಣಿಯಲ್ಲಿ ಒಂದು ಸಲ, ಹಬ್ಬ ಮತ್ತು ಹುಟ್ಟುಹಬ್ಬ ಸೇರಿ ಐದು. ಓದಿದವರಿಗೆ ಸುಖವಾಗಿದ್ದ ಮನೆಯವರ ಬೇಸಿಗೆ ಅನ್ನಿಸುತ್ತದೆ. ಸುಖವಾಗಿಯೇ ಇದ್ದೆವು. ಈಗ ಆ ಪುಟಗಳನ್ನು ತೆರೆದರೆ ಕಿವಿ ಬಿಸಿಯಾಗುವುದು ಅದಕ್ಕೇ.

ನಮ್ಮ ಅಪಾರ್ಟ್‌ಮೆಂಟಿನಿಂದ ಹನ್ನೊಂದು ನಿಮಿಷ ನಡೆದರೆ ಒಂದು ಕಮ್ಯೂನಿಟಿ ಗಾರ್ಡನ್. ಊರಿನವರಿಗೆ ತರಕಾರಿ ಬೆಳೆದುಕೊಳ್ಳಲು ಹಂಚಿದ ನಲವತ್ತೆಂಟು ಪ್ಲಾಟು, ಜಿಂಕೆ ನುಗ್ಗದಂತೆ ಸುತ್ತ ಎತ್ತರದ ತಂತಿ ಬೇಲಿ, ಪ್ಲಾಟು ಪ್ಲಾಟಿಗೂ ಸೊಂಟದೆತ್ತರದ ತಂತಿ. ನನಗೆ ಸ್ಕೂಲಿಗೆ ತೋರಿಸಲು ವಾಲಂಟಿಯರ್ ಅವರ್ಸ್, ಅಂದರೆ ಸಂಬಳವಿಲ್ಲದೆ ಮಾಡಿದ ಸೇವೆಯ ಗಂಟೆಗಳು, ಬೇಕಿದ್ದವು. ತೋಟದ ಸಮಿತಿಯವರು ಕೊಟ್ಟ ಕೆಲಸ ಸುಲಭದ್ದು. ಎರಡು ವಾರಕ್ಕೊಮ್ಮೆ ಪ್ರತಿ ಪ್ಲಾಟಿನ ಮುಂದೆ ನಿಂತು, ಅದರಲ್ಲಿ ನೂರಕ್ಕೆ ಎಷ್ಟು ಭಾಗ ಕಳೆ ಎಂದು ಬರೆಯಬೇಕು. ಸತತ ಎರಡು ಸಲ ಐವತ್ತು ದಾಟಿದರೆ ಪ್ಲಾಟಿನವರಿಗೆ ಇಮೇಲ್ ಹೋಗುತ್ತದೆ. ಮೂರನೇ ಸಲವೂ ದಾಟಿದರೆ ಮೆಷಿನ್ ತಂದು ಎಲ್ಲವನ್ನೂ ಕತ್ತರಿಸಿ, ಕಾಯುವವರ ಪಟ್ಟಿಯಲ್ಲಿ ಮೊದಲು ಇರುವವರಿಗೆ ಆ ಪ್ಲಾಟು ಕೊಡುತ್ತಾರೆ.

"ಯಾವ ಗಿಡ ಅಂತ ತಿಳಿಯದಿದ್ದರೆ ಪ್ಲಾಟಿನವರನ್ನೇ ಕೇಳು. ಕೊನೇ ಕಾಲಂ ಅದಕ್ಕೇ ಇರೋದು" ಎಂದು ಸಮಿತಿಯ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದ್ದರು.

ಕಾಯುವವರ ಪಟ್ಟಿಯಲ್ಲಿ ಮೊದಲು ಇದ್ದವರು ನಾವು. ಎರಡು ವರ್ಷದಿಂದ ಕಾಯುತ್ತಿದ್ದೆವು. ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ಫೋನಿನಲ್ಲಿ ಆ ಪಟ್ಟಿ ನೋಡುತ್ತಿದ್ದರು. ಬಾಲ್ಕನಿಯಲ್ಲಿ ಅಮ್ಮನ ಕರಿಬೇವು, ಬದನೆ, ದೊಡ್ಡಪತ್ರೆ ಒಂದರ ಮೇಲೊಂದು ಬಿದ್ದಿದ್ದವು. ಇದೆಲ್ಲ ಕ್ಲಿಪ್‌ಬೋರ್ಡು ಹಿಡಿಯುವಾಗಲೇ ನನಗೆ ಗೊತ್ತಿತ್ತು.

ಇಪ್ಪತ್ತೆರಡನೇ ಪ್ಲಾಟು ನಲ್ಲಿಯ ಪಕ್ಕದ್ದು. ಅದು ಮಂಡ್ಯ ಕಡೆಯ ಒಬ್ಬ ಅಜ್ಜಿಯದು. ಮಗಳ ಮನೆಯಲ್ಲಿದ್ದುಕೊಂಡು ಮೊಮ್ಮಕ್ಕಳನ್ನು ಸ್ಕೂಲ್ ಬಸ್ ಹತ್ತಿಸಿ, ಆಮೇಲೆ ತೋಟಕ್ಕೆ ಬರುತ್ತಿದ್ದರು. ನೂಲಿನ ಸೀರೆ, ಅದರ ಮೇಲೆ ಅಳಿಯನ ಹಳೇ ಜಾಕೆಟ್ಟು, ಕಾಲಿಗೆ ಬಿಳಿ ಸ್ನೀಕರ್ಸ್. ಬಟ್ಟೆ ಒಗೆಯುವ ಸೋಪಿನ ಖಾಲಿ ಕ್ಯಾನಿನ ಮುಚ್ಚಳಕ್ಕೆ ತೂತು ಮಾಡಿ ಅದರಲ್ಲೇ ನೀರು ಹಾಕುತ್ತಿದ್ದರು. ಪಕ್ಕದ ಪ್ಲಾಟಿನ ಅಮೆರಿಕನ್ ಮುದುಕರೊಬ್ಬರು ತಮ್ಮ ಟೊಮ್ಯಾಟೊ ನಡುವೆ ಕಿತ್ತ ಕಳೆಯನ್ನು ಬಕೆಟ್ಟಿನಲ್ಲಿ ತುಂಬಿಟ್ಟು "ಮೇಡಂ!" ಎಂದು ಕೂಗುತ್ತಿದ್ದರು. ಅಜ್ಜಿ ಹೋಗಿ ಬಕೆಟ್ ಈಸಿಕೊಂಡು, ಆರಿಸಿ ಮಡಿಲಿಗೆ ತುಂಬಿಕೊಳ್ಳುತ್ತಿದ್ದರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಬಾರದು.

ಅಜ್ಜಿಯ ಪ್ಲಾಟಿನಲ್ಲಿ ಸಾಲು ಎಂಬುದು ಇರಲಿಲ್ಲ. ಬೇಲಿಗೆ ಹಬ್ಬಿದ ಹುರುಳಿಕಾಯಿ, ಒಂದು ಮೂಲೆಯಲ್ಲಿ ಮೆಂತ್ಯ. ಉಳಿದ ನೆಲವೆಲ್ಲ ತಾನಾಗಿ ಎದ್ದ ಹಸಿರು. ಇತರರು ಕೀಳುವುದನ್ನು ಅವರು ಬೇರು ಬಿಟ್ಟು ತುದಿ ಮಾತ್ರ ಚಿವುಟುತ್ತಿದ್ದರು.

ಮೇ 31ರ ಬೆಳಗ್ಗೆ, ಮೊದಲ ಎಣಿಕೆಗೆ, ನಾನು ಕ್ಲಿಪ್‌ಬೋರ್ಡು ಹಿಡಿದು ಅವರ ಬೇಲಿಯ ಹತ್ತಿರ ನಿಂತಾಗ, ತಲೆ ಎತ್ತಿ ನೋಡಿದರು.

"ಯಾರ ಮಗಳವ್ವ ನೀನು? ಕನ್ನಡದೋಳಂಗೆ ಕಾಣ್ತೀಯ."

ಹೇಳಿದೆ.

"ಏನ್ ಬರಕತಿದ್ದೀಯ?"

"ಸ್ಕೂಲಿಂದು ಅಜ್ಜಿ. ಗಿಡ ಎಣಿಸಬೇಕು."

"ಎಣ್ಸು ಎಣ್ಸು. ಮುಗಿಯಾಕಿಲ್ಲ" ಎಂದು ನಕ್ಕರು. "ಇದು ಚಕ್ಕೋತ. ಇದು ದಂಟು. ಇದು ಕನ್ನೆ ಸೊಪ್ಪು. ಮಳೆ ಬಿದ್ರೆ ಗೋಣಿ ಸೊಪ್ಪು ಬತ್ತದೆ, ಗಣಕೆ ಬತ್ತದೆ. ಬೆರಕೆ ಸೊಪ್ಪು ಕಣವ್ವ. ಒಂದೇ ಸೊಪ್ಪು ಹಾಕುದ್ರೆ ಸಾರಿಗೆ ರುಚಿ ಬರಾಕಿಲ್ಲ. ನಿಮ್ಮವ್ವಂಗೆ ಕೊಡು, ಮಸ್ಸೊಪ್ಪು ಮಾಡ್ಲಿ."

ತಂತಿಯ ಮೇಲಿಂದ ಒಂದು ದೊಡ್ಡ ಕಟ್ಟು ಕೈಗಿಟ್ಟರು.

ಅಂದಿನ ಡೈರಿ ನನ್ನ ಮುಂದಿದೆ: "ಮೇ 31. ಬೆರಕೆ ಸೊಪ್ಪಿನ ಸಾರು, ಮುದ್ದೆ. ಅಪ್ಪ ಮೂರು, ಅಮ್ಮ ಒಂದೂವರೆ, ನಾನು ಎರಡು, ತಂಗಿ ಸೊನ್ನೆ." ಅದೇ ದಿನ ಊಟಕ್ಕೆ ಮೊದಲು, ಅದೇ ಕೈಯಿಂದ ಸಮಿತಿಯ ರಿಜಿಸ್ಟರಿನಲ್ಲಿ ಬರೆದದ್ದು: "ಪ್ಲಾಟ್ 22. ಕಳೆ: 60." ಕೊನೆಯ ಕಾಲಂ ಖಾಲಿ.

ಮೊದಲು 15 ಎಂದು ಬರೆದಿದ್ದೆ. ಗುಲಾಬಿ ರಬ್ಬರಿನಿಂದ ಅಳಿಸಿ 60 ಮಾಡಿದೆ. ಅಳಿಸಿದ ಜಾಗದಲ್ಲಿ ಕಾಗದ ಸ್ವಲ್ಪ ಎದ್ದಿತ್ತು.

ನಮ್ಮವರು ಎಂದು ಒಂದು ಕಣ್ಣು ಮುಚ್ಚಿದೆ ಅನ್ನಿಸಿಕೊಳ್ಳಬಾರದು, ನಿಯಮ ಎಲ್ಲರಿಗೂ ಒಂದೇ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಆ ಕಾರಣ ನಿಜವಾಗಿದ್ದರೆ ಕೊನೆಯ ಕಾಲಂನಲ್ಲಿ ಒಂದು ಸಾಲು ಬರೆಯಲು ಏನು ತೊಂದರೆಯಿತ್ತು? ಆ ತೋಟದಲ್ಲಿ ಅಜ್ಜಿಯ ಮಾತೂ ಸಮಿತಿಯ ಮಾತೂ ಎರಡೂ ಬರುತ್ತಿದ್ದವಳು ನಾನೊಬ್ಬಳೇ. ಜೂನ್ 14ಕ್ಕೆ 70 ಬರೆದೆ. ಜೂನ್ 28ಕ್ಕೆ 75. ಎರಡು ಸಲವೂ ಅಜ್ಜಿ ಸೊಪ್ಪು ಕೊಟ್ಟರು. ಎರಡು ಸಲವೂ ತಂದೆ, ಉಂಡೆ. ನಡುವೆ ಹೋದ ಇಮೇಲ್ ಅಳಿಯನ ವಿಳಾಸಕ್ಕೆ ಹೋಗಿ, ಅವರ ನೂರಾರು ಮೇಲ್‌ಗಳ ನಡುವೆ ಎಲ್ಲೋ ಉಳಿಯಿತು.

ಜುಲೈ 2ರಂದು ಮೆಷಿನ್ ಬಂತು.

ಜುಲೈ 4ರ ರಜೆಗೆ ನಾವು ಡೆಲವೇರ್ ನದಿಯಲ್ಲಿ ದೋಣಿ ನಡೆಸಲು ಹೋಗಿದ್ದೆವು. ಏಳು ಮೈಲಿ, ಎರಡು ಸಲ ಕಲ್ಲಿಗೆ ತಗುಲಿದ್ದು, ಒಂದು ಸಲ ತಂಗಿ ನೀರಿಗೆ ಬಿದ್ದದ್ದು. ಮಧ್ಯಾಹ್ನ ಒಂದು ಮರಳ ದಿಣ್ಣೆಯಲ್ಲಿ ಕೂತು ಚಿತ್ರಾನ್ನ ತಿನ್ನುವಾಗ ಅಪ್ಪನ ಫೋನಿಗೆ ಸಿಗ್ನಲ್ ಬಂತು.

"ಪುಟ್ಟೀ! ಪ್ಲಾಟು! ನಮ್ದೇ!" ಅಪ್ಪ ಒದ್ದೆ ಚಡ್ಡಿಯಲ್ಲೇ ಎದ್ದು ಕುಣಿದರು. ಪಕ್ಕದ ದೋಣಿಯವರು ಏನೆಂದು ತಿಳಿಯದೆಯೂ ಚಪ್ಪಾಳೆ ತಟ್ಟಿದರು.

"ಎಷ್ಟನೇ ನಂಬರು?" ಎಂದು ಅಮ್ಮ ಕೇಳಿದರು.

"ಇಪ್ಪತ್ತೆರಡು. ನಲ್ಲಿ ಪಕ್ಕನೇ ಕಣೇ, ಲಾಟ್ರಿ!"

ಅಮ್ಮನ ಕೈ ಡಬ್ಬಿಯ ಮೇಲೆ ನಿಂತಿತು. "ಅದು ಆ ಅಜ್ಜೀದಲ್ವಾ? ಸೊಪ್ಪು ಕೊಡ್ತಾರಲ್ಲ?"

"ಬಿಟ್ಟಿರಬೇಕು ಪಾಪ. ವಯಸ್ಸಾಯ್ತಲ್ಲ. ಏನೇ ಪುಟ್ಟಿ, ನಿಂಗೇನಾದ್ರೂ ಗೊತ್ತಾ?"

"ಗೊತ್ತಿಲ್ಲಪ್ಪ" ಎಂದೆ.

ಆ ದಿನದ ಪುಟದಲ್ಲಿ ಏಳು ಮೈಲಿ ಇದೆ, ಎರಡು ಕಲ್ಲು ಇದೆ. ಈ ಮಾತು ಇಲ್ಲ.

ಆಮೇಲಿನ ಎರಡು ವಾರ ಅಪ್ಪ ತೋಟದಲ್ಲೇ ಇದ್ದರು. ನರ್ಸರಿಯಿಂದ ತಂದ, ಆಗಲೇ ಕಾಯಿ ಕಟ್ಟಿದ್ದ ಟೊಮ್ಯಾಟೊ ಗಿಡ ಹನ್ನೆರಡು, ಮೆಣಸಿನಕಾಯಿ ಆರು, ಸೌತೆ ಬಳ್ಳಿ ನಾಲ್ಕು. ಎಲ್ಲವೂ ನೂಲು ಹಿಡಿದ ಸಾಲಿನಲ್ಲಿ. ನಡುವೆ ಎಲ್ಲೆಲ್ಲೂ ಗೋಣಿ ಸೊಪ್ಪು ಎದ್ದಿತು, ಕೆಂಪು ದಂಟು, ನುಣುಪಾದ ಸಣ್ಣ ಎಲೆ. ಕೀಳುವ ಕೆಲಸ ನನ್ನದು. ಒಂದೇ ಬೆಳಗ್ಗೆ ಇನ್ನೂರ ಹನ್ನೆರಡು ಗಿಡ ಕಿತ್ತೆ. ಬೇಲಿಯಾಚೆಯಿಂದ ಪಕ್ಕದ ಮುದುಕರು ಬಕೆಟ್ ಹಿಡಿದು, "ಆ ಮೇಡಂ ಎಲ್ಲಿ?" ಎಂದು ನನ್ನನ್ನು ಕೇಳಿದರು. ಭುಜ ಹಾರಿಸಿದೆ. ಅವರು ಬಕೆಟ್ಟನ್ನು ಅಲ್ಲೇ ಬೇಲಿಯ ಬುಡದಲ್ಲಿ ಇಟ್ಟು ಹೋದರು.

ಜುಲೈ 19 ತಂಗಿಯ ಹತ್ತನೇ ಹುಟ್ಟುಹಬ್ಬ. ತೋಟದಲ್ಲೇ ಆಚರಿಸೋಣ ಎಂದು ಅಪ್ಪ ಬೇಲಿಗೆ ಬಲೂನು ಕಟ್ಟಿದರು. ಅವಳ ಗೆಳತಿಯರು ಎಂಟು, ಕೇಕು ಒಂದು, ವಡೆ ಐವತ್ತು. ಅವಳು ಮೇಣದ ಬತ್ತಿ ಊದುವ ಹೊತ್ತಿಗೆ ಬೇಲಿಯಾಚೆ ಅಜ್ಜಿ ನಿಂತಿದ್ದರು. ಅದೇ ಜಾಕೆಟ್ಟು. ಮಡಚುವ ಕೈಗಾಡಿಯ ಹಿಡಿ ಎರಡೂ ಕೈಯಲ್ಲಿ.

ಅಮ್ಮ ಓಡಿ ಹೋಗಿ, "ಬನ್ನಿ ಅಜ್ಜಿ, ಒಳಗ್ಬನ್ನಿ, ಕೇಕ್ ತಗೊಳ್ಳಿ" ಎಂದರು.

"ಇರ್ಲಿ ತಾಯಿ. ಕೂಸಿಗೆ ಒಳ್ಳೇದಾಗ್ಲಿ." ಒಳಗೆ ಬರಲಿಲ್ಲ. "ಯಾರೋ ಬಂದು ಬರ್ಕಂಡೋದ್ರಂತೆ, ಈ ಮುದುಕಿ ಬರೀ ಕಳೆ ಬೆಳೆಸವ್ಳೆ ಅಂತ. ಎಲ್ಲಾ ಆದ್ಮೇಲೆ ನನ್ನ ಅಳಿಯ ಓದಿ ಹೇಳ್ದ. ಬಿಳಿಯೋರು, ಅವರ್ಗೇನ್ ಗೊತ್ತಾಯ್ತದೆ ಬುಡು. ಸದ್ಯ, ನಿಮ್ಗೇ ಸಿಕ್ತಲ್ಲ. ಗೊತ್ತಿರೋರಿಗೇ ಸಿಕ್ತು."

ಆಮೇಲೆ ಬೇಲಿಯ ಬುಡದಲ್ಲಿ ನಾನು ಕಿತ್ತು ಹಾಕಿದ್ದ ರಾಶಿಯ ಕಡೆ ನೋಡಿ, ನನ್ನನ್ನು ಕರೆದರು.

"ಮಗಾ, ಅದ್ನ ಎಸೀಬ್ಯಾಡ ಕಣವ್ವ. ನಂಗೆ ಕೊಡು."

ರಾಶಿಯನ್ನು ಎರಡು ಸಲ ಬಾಚಿ ತಂತಿಯ ಮೇಲಿಂದ ಗಾಡಿಗೆ ಹಾಕಿದೆ. ಬಾಡಿದ್ದನ್ನು ಆರಿಸಿ ತೆಗೆಯಲೂ ಇಲ್ಲ. ಅವರೇ ನಿಂತಲ್ಲೇ ಮಣ್ಣು ಕೊಡವಿ, ಚೆನ್ನಾಗಿದ್ದುದನ್ನು ಮೇಲಿಟ್ಟುಕೊಂಡು ಹೋದರು. ಹಿಂದಿನಿಂದ ತಂಗಿ ಕೇಳಿದಳು: "ವೈ ಈಸ್ ಶಿ ಟೇಕಿಂಗ್ ಅವರ್ ಟ್ರ್ಯಾಶ್?" ನನಗಿಂತ ಮೊದಲು ಅಮ್ಮ ಗದರಿದರು.

ಆಗಸ್ಟ್ 8, ವರಮಹಾಲಕ್ಷ್ಮಿ ಹಬ್ಬ. ಅಮ್ಮ ಹದಿನಾಲ್ಕು ಮನೆಯವರನ್ನು ಕರೆದಿದ್ದರು. ಅಜ್ಜಿ ಮಗಳ ಜೊತೆ ಸಂಜೆ ಐದೂವರೆಗೆ ಬಂದರು. ಕಳಶದ ಮುಂದೆ ಅಪ್ಪ ಬೆಳೆದ ಮೊದಲ ಟೊಮ್ಯಾಟೊ ಒಂಬತ್ತನ್ನು ತಟ್ಟೆಯಲ್ಲಿ ಇಟ್ಟಿದ್ದರು. ಬಂದವರೆಲ್ಲ ಹೊಗಳಿದರು. ಅಜ್ಜಿಯೂ ಒಂದನ್ನು ಎತ್ತಿ, ಮೂಸಿ, ಇಟ್ಟರು.

ನೀರು ಕೇಳಿಕೊಂಡು ಅವರು ಅಡುಗೆಮನೆಗೆ ಬಂದಾಗ ನಾನು ಡೈರಿ ತೆಗೆದುಕೊಂಡು ಹೋದೆ. ಮೇ 31ರ ಪುಟ ಓದಿದೆ. ಆಮೇಲೆ ರಿಜಿಸ್ಟರಿನಲ್ಲಿ ಬರೆದದ್ದನ್ನು ಹೇಳಿದೆ. ಹದಿನೈದು, ರಬ್ಬರು, ಅರವತ್ತು. ಎಪ್ಪತ್ತು. ಎಪ್ಪತ್ತೈದು. ನನ್ನ ದನಿ ಲೆಕ್ಕ ಒಪ್ಪಿಸುವವಳಂತೆ ಇತ್ತು. ಬೇರೆ ದನಿ ಬರಲಿಲ್ಲ.

ಅಜ್ಜಿ ಲೋಟ ಹಿಡಿದುಕೊಂಡೇ ಕೇಳಿದರು.

"ಬರದೋಳು ನೀನಾ?"

"ಹೂಂ ಅಜ್ಜಿ."

"ಅವತ್ತು ಎಲ್ಡು ಮುದ್ದೆ ಉಂಡಿದ್ದೆ ಅಲ್ವ?"

"ಹೂಂ."

ಲೋಟ ತೊಳೆದು ಬೋರಲು ಹಾಕಿದರು. "ನಿಮ್ಮಪ್ಪಂಗೆ ಗೊತ್ತಾ?"

"ಇಲ್ಲ."

"ಹಂಗಾರೆ ಅಲ್ಲಿ ಹೋಗ್ ಹೇಳು. ನನ್ನ ತಾವ ಯಾಕೆ ಹೇಳೀಯ? ನನ್ನ ಸೊಪ್ಪು ಆಗ್ಲೇ ಹೋಯ್ತಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ಬೈಯಲೂ ಇಲ್ಲ. ಹೊರಡುವಾಗ ಅಮ್ಮ ಕೊಟ್ಟ ತಾಂಬೂಲದ ಚೀಲವನ್ನು ಮಗಳು ತೆಗೆದುಕೊಂಡರು. ಅಜ್ಜಿ ನನ್ನ ಕಡೆ ನೋಡದೆ ಸ್ನೀಕರ್ಸ್ ಹಾಕಿಕೊಂಡರು.

ಅಪ್ಪನಿಗೆ ಹೇಳಲು ನನಗೆ ಇನ್ನೂ ಒಂಬತ್ತು ದಿನ ಬೇಕಾದವು. ಆಗಸ್ಟ್ 17, ಭಾನುವಾರ, ತೋಟದಲ್ಲಿ. ಅಪ್ಪ ಟೊಮ್ಯಾಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು. ಕಟ್ಟುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದರು.

"ನಾನು ದಿನಾ ಆ ಲಿಸ್ಟ್ ನೋಡ್ತಿದ್ನಲ್ಲ, ಅದಕ್ಕಾ?"

ಅಪ್ಪ ದಾರದ ಉಂಡೆಯನ್ನು ನೆಲದ ಮೇಲಿಟ್ಟು ನಲ್ಲಿಯ ಕಡೆ ಹೋದರು. ಬಹಳ ಹೊತ್ತು ಕೈ ತೊಳೆದರು. ಅವರು ಕುಣಿದದ್ದು ನನಗೆ ನೆನಪಾಯಿತು. ಅವರಿಗೂ ನೆನಪಾಗಿರಬೇಕು.

ಅಂದೇ ಇಬ್ಬರೂ ಕೂತು ಸಮಿತಿಗೆ ಬರೆದೆವು. ಮೂರು ತಾರೀಕು, ಮೂರು ತಪ್ಪು ಅಂಕಿ, ಅಜ್ಜಿ ಹೇಳಿದ್ದ ಪ್ರತಿ ಸೊಪ್ಪಿನ ಹೆಸರು. ಇಪ್ಪತ್ತೆರಡನ್ನು ಅಜ್ಜಿಗೆ ವಾಪಸ್ ಕೊಡಿ ಎಂದು ಕೇಳಿಕೊಂಡೆವು. ಅವರು ಒಪ್ಪಿದರು. ನನ್ನ ಆ ಅವರ್ಸ್ ಲೆಕ್ಕಕ್ಕಿಲ್ಲ ಎಂದೂ ಬರೆದರು, ಅದು ಸರಿಯೇ. ಆ ಪತ್ರದ ಪ್ರಿಂಟ್ ಹಿಡಿದು ಆಗಸ್ಟ್ 30ರಂದು ಅಪ್ಪ, ನಾನು ಅಜ್ಜಿಯ ಮಗಳ ಮನೆಗೆ ಹೋದೆವು. ಬಾಗಿಲು ತೆರೆದವರು ಹೊಸ ಬಾಡಿಗೆಯವರು. ಅಳಿಯನಿಗೆ ಬೇರೆ ಸ್ಟೇಟಿನಲ್ಲಿ ಕೆಲಸವಾಗಿ, ಸ್ಕೂಲು ಶುರುವಾಗುವ ಮೊದಲೇ ಹೋಗಿದ್ದರಂತೆ. ಯಾವ ಸ್ಟೇಟು ಎಂದು ಅವರಿಗೆ ತಿಳಿಯದು. ಅಮ್ಮನ ಹತ್ತಿರವಿದ್ದ ಮಗಳ ನಂಬರಿಗೆ ನಾಲ್ಕು ಸಲ ಮೆಸೇಜ್ ಮಾಡಿದ್ದೇವೆ. ಉತ್ತರ ಬಂದಿಲ್ಲ.

ಅಜ್ಜಿಯ ಹೆಸರಿನಲ್ಲೇ ಇರುವ ಇಪ್ಪತ್ತೆರಡನ್ನು ನೋಡಿಕೊಳ್ಳಲು ಸಮಿತಿಯವರು ನಮಗೆ ಬಿಟ್ಟಿದ್ದಾರೆ. ಈ ವರ್ಷ ಅಲ್ಲಿ ನಾವು ಏನನ್ನೂ ಬಿತ್ತಿಲ್ಲ, ಏನನ್ನೂ ಕಿತ್ತಿಲ್ಲ. ಮೆಷಿನ್ ಕತ್ತರಿಸಿದ ಮೇಲೂ ಬೇರು ಮತ್ತು ಬೀಜ ಉಳಿದಿದ್ದವು. ವಾರಕ್ಕೊಮ್ಮೆ ಹೋಗಿ ಏನೇನು ಎದ್ದಿದೆ ಎಂದು ಬರೆದುಕೊಳ್ಳುತ್ತೇನೆ, ಈಗ ಕೊನೆಯ ಕಾಲಂ ಖಾಲಿ ಬಿಡುವುದಿಲ್ಲ. ಚಕ್ಕೋತ, ದಂಟು, ಕನ್ನೆ, ಗೋಣಿ, ಗಣಕೆ, ಮೆಂತ್ಯ, ಹೀಗೆ ಆರು ಗುರುತು ಸಿಕ್ಕಿವೆ. ಏಳನೆಯದು ಸಿಕ್ಕಿಲ್ಲ. ಮೊಣಕಾಲೆತ್ತರದ ಗಿಡ, ಎದುರುಬದುರು ಎಲೆ, ಎಲೆಯ ಅಂಚು ಸಣ್ಣ ಗರಗಸದಂತೆ, ಮೇಲೆ ಮೆತ್ತನೆಯ ರೋಮ. ಹೂವು ಅಂಗಿಯ ಗುಂಡಿಗಿಂತ ಚಿಕ್ಕದು, ನಡುವೆ ಹಳದಿ, ಸುತ್ತ ಐದೇ ಬಿಳಿ ಎಸಳು. ಅಜ್ಜಿ ಇದನ್ನೂ ಚಿವುಟಿ ಕಟ್ಟಿಗೆ ಸೇರಿಸುತ್ತಿದ್ದುದನ್ನು ನಾನು ಮೂರು ಸಲ ನೋಡಿದ್ದೇನೆ. ಹೆಸರು ಕೇಳಿರಲಿಲ್ಲ.

ಇದನ್ನು ಓದುವವರಲ್ಲಿ ಮಂಡ್ಯ ಕಡೆಯವರಿದ್ದು ಈ ಸೊಪ್ಪಿನ ಹೆಸರು ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆದು ತಿಳಿಸಿ. ಅಮೆರಿಕದಲ್ಲಿ ನೀವಿರುವ ಊರಿಗೆ ಕಳೆದ ಆಗಸ್ಟಿನಲ್ಲಿ ನ್ಯೂಜೆರ್ಸಿಯಿಂದ ಒಂದು ಕುಟುಂಬ ಬಂದು, ಅವರ ಮನೆಯ ಅಜ್ಜಿ ನೂಲಿನ ಸೀರೆಯ ಮೇಲೆ ಗಂಡಸರ ಜಾಕೆಟ್ಟು ಹಾಕಿಕೊಂಡು ಯಾರದ್ದೋ ಬೇಲಿಯ ಬದಿಯಲ್ಲಿ ಸೊಪ್ಪು ಚಿವುಟುವುದನ್ನು ಕಂಡಿದ್ದರೆ, ಇಪ್ಪತ್ತೆರಡನೇ ಪ್ಲಾಟು ಅವರ ಹೆಸರಿಗೇ ಇದೆ ಎಂದು ಹೇಳಿ. ಅವರು ಏನಾದರೂ ಅಂದರೆ, ಅದು ಬೈಗುಳವಾದರೂ ಸರಿ, ಅಂದ ಹಾಗೇ ಬರೆದು ಕಳಿಸಿ.