ಹನ್ನೊಂದು, ಹನ್ನೆರಡನೆಯ ಸೀಟು

1994ರಲ್ಲಿ ನಾನು ಶಿಡ್ಲಘಟ್ಟದ ಒಂದು ಖಾಸಗಿ ಬಸ್ ಕಚೇರಿಯಲ್ಲಿ ಬುಕಿಂಗ್ ಗುಮಾಸ್ತನಾಗಿದ್ದೆ. ಸಂಜೆ ಹೊರಟ ನಮ್ಮ ಬಸ್ಸು ಚಿಕ್ಕಬಳ್ಳಾಪುರ, ಗೌರಿಬಿದನೂರು ದಾಟಿ ಬೆಳಗಿಗೆ ಬಳ್ಳಾರಿ ಸೇರುತ್ತಿತ್ತು. ಯಾರಿಗೆ ಯಾವ ಸೀಟು ಎಂದು ಚಾರ್ಟಿನಲ್ಲಿ ಬರೆಯುವುದು ನನ್ನ ಕೆಲಸ. ವಾಂತಿಯಾಗುವವರಿಗೆ ಕಿಟಕಿ, ಮಂಡಿನೋವಿನವರಿಗೆ ಓಡಾಡುವ ದಾರಿಯ ಪಕ್ಕ. ಚಕ್ರದ ಮೇಲಿನ ಸೀಟು ಮಾತ್ರ ಯಾರಿಗೂ ಬೇಡ. ಪ್ರಯಾಣಿಕರ ಮನಸ್ಸು ಅವರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂಬ ಜಂಬವಿತ್ತು.

ರೇಷ್ಮೆ ನೂಲು ತೆಗೆಯುವ ಮನೆಯ ನಾಗರಾಜು ಪ್ರತಿ ಬೇಸಿಗೆಯಲ್ಲೂ ಹೆಂಡತಿ ಸರೋಜಳನ್ನು ಬಳ್ಳಾರಿಯ ತವರಿಗೆ ಬಿಟ್ಟು, ಮಾರನೆಯ ದಿನ ಒಬ್ಬನೇ ಮರಳುತ್ತಿದ್ದ. ಅವಳನ್ನು ವಾಪಸ್ ಕರೆತರುತ್ತಿದ್ದವರು ಅವಳ ತಾಯಿ. ಅವರಿಗೆ ಯಾವಾಗಲೂ ಹನ್ನೊಂದು, ಹನ್ನೆರಡನೆಯ ಸೀಟೇ ಬೇಕು. ಆ ವರ್ಷ ಮಾಲೀಕರು ಹೊಸ ಬಸ್ಸು ತಂದಿದ್ದರು. ಕೆಳಗೆ ಸೀಟು, ಮೇಲೆ ಕಾಲು ಚಾಚಿ ಮಲಗುವ ಸ್ಲೀಪರ್ ಬರ್ತ್. ಬರ್ತಿಗಾಗಿ ಜನ ಜಗಳಕ್ಕೇ ನಿಲ್ಲುತ್ತಿದ್ದರು. ನಾಗರಾಜು ಎಂದಿನಂತೆ ಹೇಳಿಕಳಿಸಿದಾಗ, ಪಾಪ, ದುಡಿಯುವ ಜೀವಗಳು ಆರಾಮವಾಗಿ ಮಲಗಲಿ ಎಂದು ನಾನೇ ಎರಡು ಬರ್ತ್ ಬರೆದೆ. ಒಂದು ಎಡಗಡೆ ಮುಂದೆ, ಇನ್ನೊಂದು ಬಲಗಡೆ ಹಿಂದೆ. ಅವರ ಸೀಟುಗಳನ್ನು ರೇಷ್ಮೆಗೂಡಿನ ವ್ಯಾಪಾರಿಗಳಿಬ್ಬರಿಗೆ ಕೊಟ್ಟೆ.

ಸಂಜೆ ಚಾರ್ಟ್ ನೋಡಿದ ನಾಗರಾಜುವಿನ ಮುಖ ಸಪ್ಪಗಾಯಿತು.

"ಇದೇನಣ್ಣಾ, ನಮ್ ಸೀಟು?"

"ಸ್ಲೀಪರ್ ಹಾಕಿದೀನಪ್ಪ, ಮಲ್ಕೊಂಡು ಹೋಗಿ."

ಅವನು ದನಿ ತಗ್ಗಿಸಿದ. "ಮಲ್ಗೋಕೆ ಮನೇಲಿ ಜಾಗ ಐತಣ್ಣಾ, ಮಾತಾಡೋಕಿಲ್ಲ. ಹದಿನಾಲ್ಕು ಜನ. ಗಂಡಸ್ರು ಹಜಾರದಲ್ಲಿ, ಹೆಂಗಸ್ರು ಒಳಗೆ. ನಾವಿಬ್ರೂ ಪಕ್ಕಪಕ್ಕ ಕೂತ್ಕೊಳ್ಳೋದು ವರ್ಷಕ್ಕೊಂದ್ಸಲ, ಈ ಬಸ್ಸಲ್ಲೇ."

ನಾನು ಬಸ್ಸು ಹತ್ತಿ ವ್ಯಾಪಾರಿಗಳನ್ನು ಬೇಡಿಕೊಂಡೆ. ಒಬ್ಬರು ತಕ್ಷಣ ಎದ್ದರು. ಇನ್ನೊಬ್ಬರದು ಭಾರಿ ದೇಹ. "ಪೈಕಿ ಎಕ್ಕಲೇನಪ್ಪಾ! ಮೇಲೆ ಹತ್ತೋಕೆ ನನ್ ಕೈಲಾಗಲ್ಲ" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿದರು. ಅವರದೂ ತಪ್ಪಲ್ಲ. ಕೆಳಗೆ ಉಳಿದವರು ವಯಸ್ಸಾದವರು, ಮಕ್ಕಳನ್ನು ಕಟ್ಟಿಕೊಂಡು ಬಂದವರು; ಬರ್ತ್ ಹತ್ತಿ ಸೀಟು ಬಿಟ್ಟುಕೊಡಲು ಬೇರೆ ಯಾರೂ ಒಪ್ಪಲಿಲ್ಲ. ಕೊನೆಗೆ ಗಂಡ ಹೆಂಡತಿ ತಮ್ಮ ತಮ್ಮ ಬರ್ತ್ ಹತ್ತಿದರು. ಬಸ್ಸು ಹೊರಟಾಗ ಸರೋಜ ಪರದೆ ಸರಿಸಿ ಹಿಂದಕ್ಕೆ ನೋಡುತ್ತಿದ್ದಳು. ಅಲ್ಲಿಂದ ಅವನು ಕಾಣುವಂತಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಎರಡು ಸೀಟುಗಳನ್ನು ದಿನವೂ ಬಸ್ಸು ಹೊರಡುವವರೆಗೆ ಖಾಲಿ ಇಟ್ಟುಕೊಂಡು ಕಾದೆ. ಅವರು ಬರಲಿಲ್ಲ. ಒಂದು ದಿನ ಗೂಡಿನ ಮಾರುಕಟ್ಟೆಯಲ್ಲಿ ನಾಗರಾಜು ಸಿಕ್ಕಿದ.

"ಅವಳಮ್ಮ ತೀರ್ಕೊಂಡ್ರಣ್ಣಾ. ತವರು ಅಂತ ಇನ್ಯಾರೂ ಇಲ್ಲ. ಬಳ್ಳಾರಿಗೆ ಯಾತಕ್ಕೆ ಹೋಗೋಣ?"

ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮದೂ ತುಂಬಿದ ಮನೆಯೇ. ಆ ಭಾನುವಾರ ಹೆಂಡತಿಯನ್ನು ಗೌರಿಬಿದನೂರಿನ ಬಸ್ಸು ಹತ್ತಿಸಿ ಪಕ್ಕದಲ್ಲೇ ಕೂತೆ.

"ಯಾರ ಮನೆಗ್ರೀ?"

"ಯಾರ ಮನೆಗೂ ಇಲ್ಲ."

ಮಂಚೇನಹಳ್ಳಿ ಬರುವ ಹೊತ್ತಿಗೆ ಅವಳು ಮಾತು ಶುರುಮಾಡಿದಳು. ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ನಾನು ಕೇಳಿರದ ಮಾತುಗಳು. ಗೌರಿಬಿದನೂರು ಬಂದರೂ ಮುಗಿಯಲಿಲ್ಲ. ಇಳಿದು, ಅದೇ ಬಸ್ಸಿಗೆ ವಾಪಸ್ ಹತ್ತಿದೆವು.

ಇನ್ನೊಬ್ಬರ ಸುಖವನ್ನು ಅವರನ್ನು ಕೇಳದೆ ಬರೆಯಬಾರದೆಂದು ಆ ಚಾರ್ಟ್ ನನಗೆ ಕಲಿಸಿತು. ಈಗಲೂ ಯಾವ ಬಸ್ಸು ಹತ್ತಿದರೂ ಕಣ್ಣು ಹನ್ನೊಂದು, ಹನ್ನೆರಡರ ಕಡೆಗೇ ಹೋಗುತ್ತದೆ. ಅಲ್ಲಿ ಇಬ್ಬರು ಮಾತಾಡುತ್ತ ಕೂತಿದ್ದರೆ ನನ್ನ ಸೀಟು ಚಕ್ರದ ಮೇಲಿದ್ದರೂ ಚಿಂತೆಯಿಲ್ಲ.