ಕೊಳವೆಯ ತಳದ ಚುಕ್ಕಿ

ಒಂದೊಂದೇ ಜೀವಕೋಶವನ್ನು ಬಿಡಿಯಾಗಿ ಪರೀಕ್ಷಿಸುವ ವಿದ್ಯೆಯನ್ನು ಸಂಶೋಧಕರಿಗೆ ಕೈಯಾರೆ ಮಾಡಿಸಿ ಕಲಿಸುವ ಐದು ದಿನಗಳ ತರಬೇತಿ ಧಾರವಾಡದಲ್ಲಿತ್ತು. ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಪಿಎಚ್‌ಡಿಗೆ ಒದ್ದಾಡುತ್ತಿದ್ದ ನಾನು ದಿನಾ ಬೈರಿದೇವರಕೊಪ್ಪದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ನನ್ನ ಮೇಜಿಗೆ ಜೊತೆಯಾದವರು ಗರಗದ ಕಡೆಯ ಹಳ್ಳಿಯ ಒಬ್ಬ ಅಧ್ಯಾಪಕರು. ಬಣ್ಣ ಹೋದ ಅಂಗಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ತಡವರಿಸುವ ಮಾತು.

ಮೊದಲ ದಿನ ಇಲಿಯ ಗುಲ್ಮದ, ಅಂದರೆ ಸ್ಪ್ಲೀನಿನ, ತುಣುಕಿನಿಂದ ಜೀವಕೋಶಗಳನ್ನು ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ದ್ರವ ಹೀರಿ ಬಿಡುವ ಪಿಪೆಟ್‌ನಿಂದ ನೀಲಿ ಬಣ್ಣ ಬೆರೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕಿತ್ತು. ಸತ್ತವು ನೀಲಿಯಾಗುತ್ತವೆ, ಬದುಕಿದ್ದವು ಹೊಳೆಯುತ್ತವೆ. ನನ್ನವು ಮುಕ್ಕಾಲುಪಾಲು ನೀಲಿ. ಅವರವು ಫಳಫಳ ಹೊಳೆಯುತ್ತಿದ್ದವು.

ಎರಡನೆಯ ದಿನವೂ ಹಾಗೇ ಆಯಿತು. ಅಂದು ಬಣ್ಣ ಹಾಕುವ ಮುಂಚೆ ಚಹಾ ಕುಡಿದು ಬಂದಾಗ ನಮ್ಮಿಬ್ಬರ ಕೋಶಗಳ ಕೊಳವೆಗಳಿದ್ದ ಐಸ್ ಡಬ್ಬಿಯ ಹತ್ತಿರ ಅವರೊಬ್ಬರೇ ನಿಂತಿದ್ದರು. ನನ್ನದನ್ನು ತಾವು ಇಟ್ಟುಕೊಂಡು ತಮ್ಮದನ್ನು ನನಗೆ ದಾಟಿಸಿದ್ದಾರೆ ಎಂಬ ಯೋಚನೆ ಹೊಕ್ಕಿತು. ಹೊಕ್ಕಿದ್ದು ಹೊರಡಲಿಲ್ಲ. ಅವರ ಕೈ ಎಲ್ಲಿ ಹೋದರೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಮೂರನೆಯ ದಿನ ಯಾರಿಗೂ ಕಾಣದಂತೆ ನನ್ನ ಕೊಳವೆಯ ತಳಕ್ಕೆ ಮಾರ್ಕರಿನಿಂದ ಸಣ್ಣ ಚುಕ್ಕಿ ಇಟ್ಟೆ.

ಅಂದೂ ಕೋಶಗಳು ನೀಲಿಯೇ. ಕೊಳವೆಯನ್ನು ತಿರುಗಿಸಿ ನೋಡಿದೆ. ಚುಕ್ಕಿ ಇತ್ತು; ಕೊಳವೆ ನನ್ನದೇ.

ಅವರು ಮೆಲ್ಲಗೆ ಹೇಳಿದರು: "ಮೇಡಂ, ಸಿಟ್ಟಾಗಂಗಿಲ್ಲಂದ್ರ ಒಂದ ಮಾತ ಹೇಳ್ತೇನ್ರಿ. ನೀವು ಪಿಪೆಟ್ ಭಾಳ ಜೋರ ಒತ್ತತೀರಿ. ಆ ಹೊಡ್ತಕ್ಕ ಜೀವಕೋಶ ಒಡದ ಹೋಗ್ತಾವ. ಸಾವಕಾಶ ಬಿಡ್ರಿ."

"ನಿನ್ನೇನ ಯಾಕ ಹೇಳ್ಲಿಲ್ರಿ?"

"ನೀವು ನನ್ನ ಕೈನ ನೋಡಾಕತ್ತಿದ್ರಿ. ಧೈರ್ಯ ಆಗ್ಲಿಲ್ರಿ." ನನ್ನ ಕೈಲಿದ್ದ ಕೊಳವೆಯ ತಳ ನೋಡಿ ಕೇಳಿದರು, "ಆ ಚುಕ್ಕಿ ನೀವ ಇಟ್ಟೀರೇನ್ರಿ?"

"ಇಲ್ರಿ, ಮೊದಲ ಇದ್ದಿರಬೇಕು," ಎಂದೆ. ಅವರು ತಲೆಯಾಡಿಸಿದರು.

ನಾಲ್ಕನೆಯ ದಿನ ಹೆಬ್ಬೆರಳನ್ನು ಹಗುರ ಮಾಡಿ, ಉಸಿರು ಬಿಗಿಹಿಡಿದು ಪಿಪೆಟ್ ಮೆಲ್ಲಗೆ ಒತ್ತಿದೆ. ಕೋಶಗಳು ಬದುಕಿದವು. ಸಂತೋಷಕ್ಕಿಂತ ಹೆಚ್ಚಾಗಿ ನಾಚಿಕೆ ಕಾಡಿತು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಸಂಶಯ, ಚುಕ್ಕಿ, ಸುಳ್ಳು ಎಲ್ಲ ಒಪ್ಪಿಕೊಂಡೆ.

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಖರೇ ಹೇಳಿದ್ರಿ, ಛಲೋ ಆತು. ಆದ್ರ ಆ ಡಬ್ಬಿ ಭಾಳ ಮಂದಿ ಮುಟ್ಟಿದ್ರು. ಕಲಿಸೋ ಸರ್ ಸುದ್ದಾ ಮುಟ್ಟಿದ್ರು. ಸಂಶೇ ನನ್ನ ಮ್ಯಾಲಷ್ಟ ಯಾಕ ಬಂತ್ರಿ?"

"ನೀವು ಬಾಜೂಕ ಇದ್ರಿ, ಅದಕ್ಕ…"

"ಅಷ್ಟನ ಏನ್ರಿ?"

ಅಷ್ಟೇ ಅಲ್ಲ ಎಂದು ನನಗೆ ಗೊತ್ತಿತ್ತು. ಅದೇ ಕೆಲಸ ಚೆನ್ನಾಗಿ ಮಾಡಿದ್ದ ಬೇರೆ ಮೇಜಿನವರಿಗೆ ನಾನು ಶಹಬ್ಬಾಸ್ ಎಂದಿದ್ದೆ. ಬಣ್ಣ ಹೋದ ಅಂಗಿಯ, ಇಂಗ್ಲಿಷಿಗೆ ತಡವರಿಸುವ ಇವರಿಗೆ ಇಷ್ಟು ಸರಿಯಾಗಿ ಬರುವುದೇ ನನಗೆ ನಂಬಲಾಗದ ಮಾತಾಗಿತ್ತು. ಅದನ್ನು ಅವರ ಮುಖಕ್ಕೆ ಹೇಗೆ ಹೇಳಲಿ? ನೀರು ತರುವ ನೆಪದಲ್ಲಿ ಎದ್ದೆ.

ಕೊನೆಯ ದಿನ ಕಂಪ್ಯೂಟರಿನಲ್ಲಿ ಫಲಿತಾಂಶ ಓದುವುದನ್ನು ಕಲಿಸಿದರು. ನನಗೆ ತಿಳಿಯದ್ದನ್ನು ಜೊತೆಯ ಅಧ್ಯಾಪಕರೇ ಎರಡೆರಡು ಸಲ ಬಿಡಿಸಿ ಹೇಳಿದರು, ಬೇಸರವಿಲ್ಲದೆ. ಸಂಜೆ ಎಲ್ಲರೂ ಒಬ್ಬರಿಗೊಬ್ಬರು ಫೋನ್ ನಂಬರ್ ಕೊಟ್ಟು ತೆಗೆದುಕೊಂಡರು. ಅವರು ನನ್ನದನ್ನು ಕೇಳಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.